ಆಟಕ್ಕುಂಟು, ಲೆಕ್ಕಕ್ಕಿಲ್ಲ

ಎರಡು ಅಂಕದ ಪ್ರಶ್ನೆ.
ಚಿಪ್ಪು ಕಾದು ಸುಣ್ಣವಾಗುತ್ತದೆ, ಗಾಳಿ ಬಿಡುತ್ತದೆ;
ಸಮತೋಲನ ಸ್ಥಿರಾಂಕ ಬರೆಯಿರಿ.
ಗೆರೆ ಎಳೆದೆ. ಮೇಲೆ ಸುಣ್ಣ, ಗಾಳಿ,
ಕೆಳಗೆ ಚಿಪ್ಪು.
ಶಾನಭಾಗ ಮೇಡಂ ಕೆಂಪು ಶಾಯಿಯಲ್ಲಿ
ಸುಣ್ಣ ಹೊಡೆದರು, ಚಿಪ್ಪು ಹೊಡೆದರು,
ಗಾಳಿಯೊಂದನ್ನೇ ಉಳಿಸಿದರು.
"ಘನವಸ್ತು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಸಿಟ್ಟು ಬಂತು.
ಐಗಳಕುರ್ವೆಯಲ್ಲಿ ಹುಟ್ಟಿದವಳು ನಾನು.
ಇಳಿತದ ಹೊತ್ತು ಸೊಂಟಮಟ್ಟ ಹೊಳೆಯಲ್ಲಿ
ಕಾಲ್ಬೆರಳಿಂದ ಬಳಚು ತಡಕುವ ಚಿಕ್ಕಮ್ಮ,
ಬುಟ್ಟಿ ಹೊತ್ತೂ ಹೊತ್ತೂ ಬೋಳಾದ ಅವಳ ನೆತ್ತಿ,
ಯಾವುದೂ ಲೆಕ್ಕಕ್ಕಿಲ್ಲವೆ?

ಕುಮಟೆ ಬಸ್ಸಿಳಿದು, ದೋಣಿ ದಾಟಿ, ಸೀದಾ
ಹೊಸಬಯ್ಯನ ಸುಣ್ಣದ ಗೂಡಿಗೆ ಹೋದೆ.
ಒಂದು ವರಸೆ ಗೆರಟೆ, ಒಂದು ವರಸೆ ಚಿಪ್ಪು,
ನೆತ್ತಿಯಲ್ಲಿ ಬಾಯಿ ಬಿಟ್ಟ ಗೂಡು.
"ಅದನ್ನ ಮುಚ್ಚಿದ್ರೆ?"
"ಎಂತಕೆ ಮಗಾ? ಉಸಿರು ಹೊರಗೆ ಹೋಗ್ಬೇಕು.
ಒಳಗೇ ಸುತ್ತಿದ್ರೆ ಚಿಪ್ಪು ಚಿಪ್ಪಾಗೇ ಉಳೀತದೆ."

ಆ ರಾತ್ರಿ ತಲೆಯೊಳಗೆ ಒಂದು ಗಡಿಗೆ ಇಟ್ಟೆ,
ಬಾಯಿಗೆ ಮಣ್ಣು ಮೆತ್ತಿದೆ, ಉರಿ ಹಚ್ಚಿದೆ.
ಚಿಪ್ಪು ಉಸಿರು ಬಿಟ್ಟು ಸುಣ್ಣವಾಯಿತು.
ಉಸಿರು ಹೊರದಾರಿ ಕಾಣದೆ
ಸುಣ್ಣಕ್ಕೇ ಮರಳಿ ಚಿಪ್ಪಾಯಿತು.
ಬಿಟ್ಟಷ್ಟೇ ಮರಳುವ ಗಳಿಗೆ ಬಂದಾಗ
ಹೊರಗಿಂದ ನೋಡಿದರೆ ಏನೂ ಇಲ್ಲ, ತೆಪ್ಪಗೆ.
ಒಳಗೆ ಮೀನುಪೇಟೆ.

ಸುಣ್ಣ ಚಿಪ್ಪು ಅರ್ಧರ್ಧ ಅಂದುಕೊಂಡಿದ್ದೆ. ಅಲ್ಲ.
ಎರಡೂ ಇರಬೇಕು, ಒಂದು ಚೂರಾದರೂ;
ಎಷ್ಟು ಅಂತ ಯಾರೂ ಕೇಳುವುದಿಲ್ಲ.
ಬುಟ್ಟಿ ಚಿಪ್ಪು ಸುರಿ, ದೋಣಿಗಟ್ಟಲೆ ಸುರಿ,
ಉಸಿರಿನ ಒತ್ತಡ ಕೂದಲೆಳೆಯಷ್ಟೂ ಏರದು.
ಉರಿ ಏರಿಸು,
ಆಗ ಏರುತ್ತದೆ.

ಅಲ್ಲಿಗೆ ಮೇಡಂ ಹೇಳಿದ್ದು ಸರಿ.
ಚಿಕ್ಕಮ್ಮನಿಗೆ ಹೇಳಿದೆ. ಪೂರ್ತಿ ಕೇಳಿದಳು.
"ಬುಟ್ಟಿ ಲೆಕ್ಕದಲ್ಲಿ ದುಡ್ಡು ಕೊಡ್ತಾನಲ್ಲ,
ಅವನ ಹತ್ರ ಮಾತ್ರ ಇದನ್ನ ಹೇಳಬೇಡ ಮಾರಾಯ್ತಿ."

ಮರುದಿನ ಗೂಡು ತಣಿದಿತ್ತು.
ಹೊಸಬಯ್ಯ ಎಲೆಗೆ ಸುಣ್ಣ ಸವರಿ
ತಗಡಿನ ಡಬ್ಬಿಯ ಮುಚ್ಚಳ ಒತ್ತಿ ಒತ್ತಿ ಹಾಕಿದ.
"ತೆರೆದಿಟ್ರೆ ಕೆನೆ ಕಟ್ತದೆ. ನಾಲಿಗೆಗೆ ಮರಳು."
ಕೆನೆಯಲ್ಲ ಅದು. ಚಿಪ್ಪು.
ಬಿಟ್ಟ ಉಸಿರನ್ನು ಊರ ಗಾಳಿಯಿಂದ
ಸುಣ್ಣ ವಾಪಸು ಪಡೆಯುವುದು.
ಹೇಳಲು ಹೊರಟೆ. ಗೂಡಿನ ಬಾಯಿ ತೆರೆದಿಟ್ಟವನೂ
ಡಬ್ಬಿಯ ಬಾಯಿ ಬಿಗಿದವನೂ ಅವನೇ.
ಸುಮ್ಮನಾದೆ.

ಎರಡನೇ ಎಲೆಗೆ ಡಬ್ಬಿ ಬಿಚ್ಚುವಾಗ
ಮುಚ್ಚಳ ಜಾರಿ ಚಿಪ್ಪಿನ ರಾಶಿಗೆ ಉರುಳಿತು.
ಬೈದುಕೊಳ್ಳುತ್ತ ಅವನು ಆ ಕಡೆಯಿಂದ,
ನಾನು ಈ ಕಡೆಯಿಂದ,
ಮೊಣಕಾಲೂರಿ ಹುಡುಕಿದೆವು.