ಹೊಸ ತಾರೀಕಿನ ಹಳೇ ಹೆಪ್ಪು

ಒಳಗೆ ಬಂದವರು ಯಾರೂ ಹೊಸಿಲು ನೋಡುವುದಿಲ್ಲ.
ವೆಲ್ಗಾ ನೋಡಿಯೂ ಹನ್ನೊಂದು ವರ್ಷ.
ಲಿಯೆಪಾಯಾದ ಟ್ರಾಮ್ ಡಿಪೋದಲ್ಲಿ ಹಗಲೆಲ್ಲ ಬ್ರೇಕು ತಿದ್ದಿ
ರಾತ್ರಿ ಮನೆಗೆ ಬಂದರೆ, ಅಡುಗೆಮನೆ ಕಪಾಟಿನ ಕೆಳಗೆ
ಗುರುಗುಟ್ಟುವ ಯಂತ್ರ. ಭಾನುವಾರಕ್ಕೊಮ್ಮೆ ಅದು
ಹೊರಗಿನವರಿಗೆಂದು ಒಂದು ಬಾಗಿಲು ಕೆತ್ತುತ್ತದೆ.

ನಮ್ಮ ಲಿನಕ್ಸು ಬೇಯಿಸಿ ಬಡಿಸುವಂಥದ್ದಲ್ಲ.
ಕಾಳು ಕೊಡುತ್ತೇವೆ, ಬೀಸಿಕೋ ಅನ್ನುತ್ತೇವೆ;
ನಿನ್ನ ಒಲೆ, ನಿನ್ನ ಉರಿ, ನಿನ್ನ ನಾಲಿಗೆಯ ಉಪ್ಪು.
ಆದರೆ ಬೀಸುವ ಕಲ್ಲನ್ನೂ ಬೀಸಿಯೇ ಮಾಡಬೇಕಲ್ಲ,
ಕಂಪೈಲರು ಹುಟ್ಟಲು ಇನ್ನೊಂದು ಕಂಪೈಲರು!
ಅದಕ್ಕೇ ಮೊದಲ ದಿನಕ್ಕೊಂದು ಚಮಚ ಹೆಪ್ಪು,
ನಿನ್ನೆಯ ಮೊಸರಿನಿಂದ ಎತ್ತಿಟ್ಟದ್ದು.
ಅದು ಹಳಸದಂತೆ ನೋಡುವುದು
ಅಷ್ಟೇ ಅವಳ ಕೆಲಸ.

ಫೆಬ್ರವರಿಯಲ್ಲಿ ಕುತಾಯಿಸಿಯಿಂದ ಮ್ಝೆವಿನಾರ್ ಟೀಚರು
ಒಂದು ಫೋಟೋ ಕಳಿಸಿದಳು.
ಶಾಲೆಗೆ ದಾನ ಬಂದ ಹದಿನಾಲ್ಕು ಕಂಪ್ಯೂಟರು,
ಹದಿನಾಲ್ಕರ ಪರದೆಯಲ್ಲೂ ಒಂದೇ ಬಿಳಿ ಸಾಲು:
ನೆಟ್‌ವರ್ಕ್ ಕಾರ್ಡು ಕಾಣುತ್ತಿಲ್ಲ.
"ಈ ವಾರದ್ದೇ ಡಿಸ್ಕು. ತಾರೀಕು ನೋಡಿಯೇ ಇಳಿಸಿಕೊಂಡೆ.
ಮಕ್ಕಳು ಕೋಟು ಬಿಚ್ಚದೆ ಕಾಯುತ್ತಿದ್ದಾರೆ."

ತಾರೀಕು ಹೊಸದೇ. ಸಹಿಯೂ ನೆಟ್ಟಗಿದೆ.
ಒಳಗೆ ಇಣುಕಿದರೆ ಕರ್ನಲ್ಲು ಹೋದ ಜೂನಿನದು.
ಆಗ ಯಾವುದೋ ಲೈಬ್ರರಿ ಹೆಸರು ಬದಲಿಸಿಕೊಂಡಿತ್ತು;
ಅಂದಿನಿಂದ ಅರ್ಧಕ್ಕೇ ಮುಗ್ಗರಿಸುವ ಯಂತ್ರ
ಯಾರಿಗೂ ಹೇಳದೆ ಹಳೆಯದನ್ನೇ ಎತ್ತಿ
ಹೊಸ ಚೀಟಿ ಅಂಟಿಸಿ ಜಗಲಿಗೆ ಇಡುತ್ತಿತ್ತು.
ಮೂವತ್ತನಾಲ್ಕು ಭಾನುವಾರ.
ಬೈಯುವುದು ಯಾರನ್ನು? ಸ್ಕ್ರಿಪ್ಟು ಅವಳದೇ:
'ತಪ್ಪಿದರೆ ಹಿಂದಿನದನ್ನೇ ಇಡು, ಜಾಗ ಖಾಲಿ ಬಿಡಬೇಡ.'
ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು.

ನಮಗ್ಯಾರಿಗೂ ಗೊತ್ತಾಗಲಿಲ್ಲ. ಹೇಗಾಗಬೇಕು?
ನಾವು ದಿನವೂ ಒಳಗಿನಿಂದಲೇ ತೇಪೆ ಹಾಕಿಕೊಂಡು
ಸೂರು ಬದಲಿಸಿಕೊಂಡು ಹೊಸದಾಗಿರುವವರು.
ಹೊಕ್ಕವನಿಗೆ ಯಾಕೆ ಬಾಗಿಲ ಚಿಂತೆ?

ತಿದ್ದಿದಳು. ಮೂರನೇ ಸಲಕ್ಕೆ ಕಟ್ಟಿತು.
ಆದರೂ ನಂಬಿಕೆ ಬರಲಿಲ್ಲ. ಡಿಪೋದವರು ಎಸೆದಿದ್ದ
ಲ್ಯಾಪ್‌ಟಾಪೊಂದನ್ನು ತಂದು, ಪೂರ್ತಿ ಒರೆಸಿ,
ಏನೂ ತಿಳಿಯದವಳ ಹಾಗೆ ಮುಂದೆ ಕೂತಳು.

ರಾತ್ರಿ ಎರಡೂಮುಕ್ಕಾಲಿಗೆ ತುರ್ಕುವಿನಲ್ಲಿ ನನ್ನ ಫೋನು:
"ನಿನ್ನ ಕೈಪಿಡಿಯ ಏಳನೇ ಹೆಜ್ಜೆ ಸುಳ್ಳು ಹೇಳುತ್ತದೆ."
ರಗ್ಗಿನೊಳಗೆ ಸಿಟ್ಟು ಬಂತು. ಎಷ್ಟು ಜನ ಹೊಗಳಿದ ಕೈಪಿಡಿ!
"ಆ ಆಜ್ಞೆಯೇ ಈಗಿಲ್ಲ," ಅಂದಳು. "ನಾಲ್ಕು ವರ್ಷವಾಯಿತು."
ಎದ್ದು ದೀಪ ಹಾಕಿದೆ.
ಅವಳು ಓದುತ್ತ ಹೋದಳು, ನಾನು ಹೊಡೆದುಹಾಕುತ್ತ.
ನಡುವೆ ಮಾತಿಲ್ಲದಾಗ ಆ ಕಡೆಯಿಂದ
ಲ್ಯಾಪ್‌ಟಾಪಿನ ಫ್ಯಾನು ಏದುಸಿರು ಬಿಡುತ್ತಿತ್ತು.
ಮುನ್ನೂರ ತೊಂಬತ್ತರಲ್ಲಿ ಇನ್ನೂರ ಹದಿನಾಲ್ಕನೆಯದು
ಬೇಯುತ್ತಿದ್ದಾಗ ಮೊದಲ ಟ್ರಾಮು ಹೊರಡುವ ಹೊತ್ತು.
ಅದನ್ನು ಅದರ ಪಾಡಿಗೆ ಬಿಟ್ಟು ಬೂಟು ಹುಡುಕಿದಳು.

ಕುತಾಯಿಸಿಯಲ್ಲಿ ಹದಿಮೂರು ಎದ್ದು ಕೂತವು.
ಇನ್ನೊಂದರದು ಪವರ್ ಸಪ್ಲೈ ಸುಟ್ಟಿತ್ತಂತೆ;
ಅದೊಂದು ನಮ್ಮ ತಪ್ಪಲ್ಲ.

ಸ್ಕ್ರಿಪ್ಟಿನಲ್ಲಿ ಈಗ ಬೇರೆ ಸಾಲಿದೆ:
'ತಪ್ಪಿದರೆ ಖಾಲಿ ಬಿಡು. ಜೋರಾಗಿ ಕೂಗು.'
ಡಿಪೋದ ಆ ಲ್ಯಾಪ್‌ಟಾಪಿಗೋ, ಪಾಪ,
ತಿಂಗಳಿಗೊಮ್ಮೆ ಎಲ್ಲ ಮರೆತು
ಹೊಸಿಲು ಎಡವುತ್ತ ಒಳಗೆ ಬರುವ ಕೆಲಸ.