ಬೇಸಿನ್ನಿನ ಕೆಳಗೆ, ಎಡಕ್ಕೆ

ನಮ್ಮ ಬಡಾವಣೆಯ ಹೆಸರು ಸನ್‌ಶೈನ್.
ಯಾರಿಟ್ಟರೋ, ಸುಳ್ಳಂತೂ ಹೇಳಲಿಲ್ಲ:
ಜನವರಿಯಲ್ಲಿ ಅಂಗಳದ ನಲ್ಲಿ ಮುಟ್ಟಿದರೆ ಬೊಬ್ಬೆ.
ಮೂವತ್ತು ಬೇಸಿಗೆ ಅಲ್ಲೇ ಬೆಂದ ಮೇಲೆ
ಕೊನ್ಚೆಟ್ಟಾ ಒಂದು ಸಂಜೆ ಈರುಳ್ಳಿ ಹೆಚ್ಚುತ್ತ ಅಂದಳು:
ಸಲ್ವೂ, ನನಗೊಂದು ಮರ ಬೇಕು.
ನೆಟ್ಟು ಕಾಯಲು ಪುರುಸೊತ್ತಿಲ್ಲ.
ಬೆಳೆದದ್ದೇ ಬೇಕು.

ಮಗಳು ರೊಮಿನಾ ಹುಡುಗನ ಕೈ ಹಿಡಿದು
ನಮ್ಮಲ್ಲಿಗೇ ಮರಳಿ ಬಂದ ವರ್ಷ ಅದು.

ಹೀಗಾಗಿ ಈ ಶನಿವಾರ, ರೈಲಿನಲ್ಲಿ ಮೆಲ್ಬೋರ್ನನ್ನೇ ದಾಟಿ
ಬ್ಲ್ಯಾಕ್‌ಬರ್ನ್.
ಇಲ್ಲಿ ಮರ ಕಡಿಯಲು ಕೌನ್ಸಿಲ್ಲಿಗೆ ಅರ್ಜಿ,
ದೊಡ್ಡ ಕೊಂಬೆ ಸವರಲೂ ಅರ್ಜಿ.
ಮನುಷ್ಯರು ಬಂದು ಹೋಗುವವರು,
ಕಾಯಂ ವಿಳಾಸ ಮರಗಳದ್ದು.

ಕರಪತ್ರದಲ್ಲಿ ಮನೆ ಹಲ್ಲು ಬಿಟ್ಟು ನಗುತ್ತಿತ್ತು:
ಹಸಿರು ಬೀದಿ. ಮಕ್ಕಳೊಂದಿಗರಿಗೆ ಹೇಳಿ ಮಾಡಿಸಿದ್ದು.
ಒಳ್ಳೆಯ ಶಾಲೆಯ ಗಡಿಯೊಳಗೆ.
ಇಟಾಲಿಯನ್ ಶೈಲಿಯ ಬಚ್ಚಲು.

ಇಟಾಲಿಯನ್ ಅಂತೆ!
ಅದಕ್ಕೆ ಟೈಲು ಕೂರಿಸಿದವನು ಮಾಲ್ಟಾದವನು, ನಾನು.
ತೊಂಬತ್ತೆಂಟರ ಜನವರಿ, ಮಂಡಿಯಡಿ ಮಡಿಸಿದ ಗೋಣಿ,
ಕಿಟಕಿಯಿಂದ ಇಳಿದ ನೆರಳು
ಇಡೀ ದಿನ ಬೆನ್ನ ಮೇಲೆ ಕೂತಿತ್ತು, ಸಾಕಿದ ಬೆಕ್ಕಿನಂತೆ.
ಮನೆಯೊಡತಿ ನಿಂಬೆ ಶರಬತ್ತು ಕೊಟ್ಟು
ಪಕ್ಕದ್ದು ಎರಡು ಲಕ್ಷಕ್ಕಿದೆ, ತಗೋ, ಅಂದಿದ್ದಳು.
ನಕ್ಕಿದ್ದೆ.
ಆ ನಗು ಈಗ ಎಷ್ಟಕ್ಕೆ ಹೋಗುತ್ತದೋ ಲೆಕ್ಕ ಹಾಕಬೇಕು.

ಹರಾಜಿನವನ ಬೂಟು ಗೇಟಿನೆದುರು ಮಿನುಗುತ್ತಿತ್ತು.
ಬೀದಿಯವರು ನಾಯಿ ಹಿಡಿದು, ಕಾಫಿ ಹಿಡಿದು ಬಂದಿದ್ದರು,
ಕೊಳ್ಳಲಿಕ್ಕಲ್ಲ,
ತಂತಮ್ಮ ಮನೆ ಎಷ್ಟು ಬಾಳೀತೆಂದು ತಿಳಿಯಲಿಕ್ಕೆ.
ಹನ್ನೆರಡು ಲಕ್ಷ ಡಾಲರು, ಅಂದರು ಯಾರೋ.
ಅಷ್ಟರಲ್ಲಿ ಮ್ಯಾಗ್‌ಪೈ ಹಕ್ಕಿಯೊಂದು, ಮರಿ ಮಾಡುವ ಕಾಲ ನೋಡಿ,
ಸುಯ್ಯನೆ ಎರಗಿ ಹರಾಜಿನವನ ನೆತ್ತಿ ಕುಕ್ಕಿತು.
ಅದೊಂದೇ ಅಲ್ಲಿ
ಬ್ಯಾಂಕಿಗೆ ಹೋಗದೆ ಬಂದದ್ದು.

ನಮ್ಮ ಕೊನೆಯ ಅಂಕಿ ಕೊನ್ಚೆಟ್ಟಾಳ ಅಂಗೈಯಲ್ಲಿತ್ತು, ನೀಲಿ ಶಾಯಿಯಲ್ಲಿ.
ಹತ್ತು ಸಾವಿರದ ಜಿಗಿತ, ಐದರ ಜಿಗಿತ,
ಆಮೇಲೆ ಒಂದೊಂದೇ ಸಾವಿರದ ತೆವಳಾಟ.
ಎದುರಿಗೆ, ಎದೆಗೆ ಕೂಸು ಕಟ್ಟಿಕೊಂಡ ಒಬ್ಬ ಹುಡುಗಿ.
ಅವಳು ಕೈ ಎತ್ತಿದಾಗಲೆಲ್ಲ
ಕೂಸಿನ ಕಾಲೂ ಮೇಲೇಳುತ್ತಿತ್ತು.
ಇಬ್ಬರ ಎದುರು ನಾನೊಬ್ಬ.

ಒಂದು ಸಲ.
ಎರಡು ಸಲ.
ಕೊನ್ಚೆಟ್ಟಾ ಮುಷ್ಟಿ ಮುಚ್ಚಿದಳು.

ಬೀದಿಯವರು ಚಪ್ಪಾಳೆ ತಟ್ಟಿದರು, ನಾಯಿಗಳನ್ನು ಎಳೆದುಕೊಂಡು ಹೊರಟರು,
ನಡಿಗೆಯಲ್ಲೇ ಸ್ವಲ್ಪ ಸಿರಿವಂತರಾಗಿ.
ನಾವು ಮರದ ಕೆಳಗೆ ಉಳಿದೆವು.
ಹಾಲುಬಣ್ಣದ ಕಾಂಡ, ಕೈಯಿಟ್ಟರೆ ತಣ್ಣಗೆ.
ಉದುರಿದ ಎಲೆಯೊಂದನ್ನು ಅವಳು ಹೊಸಕಿದಳು, ನಿಂಬೆಯ ವಾಸನೆ.
ಹಿಡಿಯಷ್ಟು ಆರಿಸಿ ಕರ್ಚೀಫಿನಲ್ಲಿ ಕಟ್ಟಿಕೊಂಡಳು.
ಅದಕ್ಕೆ ಯಾರೂ ಕೂಗಲಿಲ್ಲ.

ಸಹಿ ಮಾಡಿ ಹೊರಬಂದ ಹುಡುಗಿಯ ಕೈ ಇನ್ನೂ ನಡುಗುತ್ತಿತ್ತು.
ಹೇಳದೆ ಹೊರಟುಬಿಡಬಹುದಿತ್ತು. ಹೊರಟೂ ಇದ್ದೆ.
ಗೇಟಿನಿಂದ ತಿರುಗಿ ಬಂದು ಅಂದೆ:
ಬಚ್ಚಲಲ್ಲಿ, ಬೇಸಿನ್ನಿನ ಕೆಳಗೆ, ಎಡಕ್ಕೆ, ಮೂರನೇ ಟೈಲು.
ಅದೊಂದಕ್ಕೆ ಗಾರೆ ಹಾಕಿಲ್ಲ.
ಹಿಂದೆ ನೀರಿನ ಕವಾಟವಿದೆ.
ಪೈಪು ಒಡೆದ ರಾತ್ರಿ ಚಾಕು ತೂರಿಸಿ ಮೆಲ್ಲಗೆ ಎತ್ತು.
ಸುತ್ತಿಗೆ ಬೇಡ. ಆ ಹಸಿರು ಈಗ ಸಿಗುವುದಿಲ್ಲ.

ನಿಮಗೆ ಹೇಗೆ ಗೊತ್ತು? ಅಂದಳು.
ಮಂಡಿ ತಟ್ಟಿ ತೋರಿಸಿದೆ.
ಅರ್ಥವಾಗಲಿಲ್ಲ ಅವಳಿಗೆ. ಆದರೂ
ತನ್ನ ಹೆಸರು ಸ್ಯೂಯೀ ಎಂದಳು, ಕೂಸಿನ ಹೆಸರನ್ನೂ ಹೇಳಿದಳು,
ಅದನ್ನು ಮರೆತೆ.

ರೈಲಿನಲ್ಲಿ ಕರ್ಚೀಫು ಮೂಗಿಗಿಟ್ಟುಕೊಂಡೇ
ಕೊನ್ಚೆಟ್ಟಾ ಫೋನು ಉಜ್ಜುತ್ತಿದ್ದಳು.
ಮುಂದಿನ ಶನಿವಾರ ಹನ್ನೊಂದಕ್ಕೆ ಇನ್ನೊಂದಿದೆ, ಅಂದಳು.
ಮರ ಸ್ವಲ್ಪ ಸಣ್ಣದು.

ಬಚ್ಚಲು ಯಾರ ಕೈಯದೋ,
ನೋಡಬೇಕು.