ಈರೋಡಿನ ಓಮ್ನಿ

ಅರಿಶಿನ ಮಂಡಿಯ ಹಿಂದೆ, ಬೇವಿನ ಅರ್ಧ ನೆರಳಲ್ಲಿ ನಿಂತಿತ್ತು.
ಬಣ್ಣ ಬಿಳಿ ಅಂತ ಆರ್‌ಸಿಯಲ್ಲಿ ಬರೆದಿದೆ.
ಸೀಟಿನ ಹೊಲಿಗೆ, ಬಾಗಿಲ ಸಂದು, ಸ್ಟೇರಿಂಗಿನ ಹಿಡಿ
ಎಲ್ಲ ಹಳದಿ.
ಹನ್ನೊಂದು ವರ್ಷ ಅರಿಶಿನ ಕೊಂಬು ಹೊತ್ತಿದೆ ಅಂದ ಚೆನ್ನಿಯಪ್ಪನ್,
ಒಂದು ಸಲ, ನಡುರಾತ್ರಿ, ಹೆರಿಗೆ ನೋವಿನ ಸೊಸೆಯನ್ನೂ.

ಮುನಾವರ್ ಗಾಡಿಯಡಿಗೆ ತೂರಿದ, ಎದ್ದ, ಆಯಿಲ್ ಕಡ್ಡಿ ಮೂಸಿದ,
ನನ್ನ ಕಡೆ ಹುಬ್ಬನ್ನು ಒಂದೆಳೆ ಎತ್ತಿದ. ಅಂದರೆ
ಎಂಜಿನ್ ಚೆನ್ನಾಗಿದೆಯಕ್ಕ, ಖುಷಿ ತೋರಿಸಬೇಡ.
ನಾನು ಇಸ್ತ್ರಿಯವಳು. ಬಟ್ಟೆಯ ಆಯಸ್ಸು ಬೆರಳಿಗೆ ತಿಳಿಯುತ್ತೆ,
ತಗಡಿನದು ತಿಳಿಯೋಲ್ಲ.
ಆದರೂ ಒಂದು ಹದಿನೈದರಿಂದ ಒಂದು ಐದಕ್ಕೆ ಇಳಿಸಿದೆ,
ಅವನ ತಮಿಳು, ನನ್ನ ಕನ್ನಡ, ನಡುವೆ ಮಡಚಿ ಬಿಚ್ಚುವ ಬೆರಳು.
ಎನ್‌ಒಸಿ, ಇನ್ಶೂರೆನ್ಸು, ಇಪ್ಪತ್ತೊಂಬತ್ತು, ಮೂವತ್ತು ನಂಬರಿನ ಫಾರಮ್ಮು:
ಎಲ್ಲಕ್ಕೂ ಸಹಿ ಹಾಕಿ, ಪೆನ್ನು ಜೇಬಿಗಿಟ್ಟು,
ನಿಂಬೆಹಣ್ಣು ಚಕ್ರದಡಿ ತಾನೇ ಇಟ್ಟ.

ಹೊರಡುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು ಅಂದ,
'ಪೋಯ್ಟು ವಾ, ಕಣ್ಣು.'
ಹೆಡ್‌ಲೈಟಿನ ವಿಷಯ ಏನೋ ಹೇಳ್ತಿದಾನೆ, ಅಂದೆ.
ಇಲ್ಲಕ್ಕ, ಅಂದ ಮುನಾವರ್,
ಆ ಕಡೆ ಮಕ್ಕಳನ್ನ ಹಂಗೆ ಕರೀತಾರೆ.

ಉದ್ದಕಾಲಿನ ಮನುಷ್ಯ; ಸೀಟು ಅವನಳತೆಗೇ ತುಕ್ಕು ಹಿಡಿದಿತ್ತು.
ಬೆನ್ನಿಗೆ ಬೆಡ್‌ಶೀಟಿನ ಗಂಟು ಕೊಟ್ಟುಕೊಂಡು ಬ್ರೇಕು ಮುಟ್ಟಿದೆ.
ಕನ್ನಡಿಯಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು.
ಅದನ್ನು ನನ್ನ ಕಣ್ಣಿಗೆ ಬಗ್ಗಿಸಿದಾಗ
ಬೇರೆಯವರ ಅಡುಗೆಮನೆಯಲ್ಲಿ ಡಬ್ಬಿ ಜಾಗ ಬದಲಿಸಿದ ಹಾಗಾಯಿತು.

ತೊಪ್ಪೂರು ಘಾಟಿಯಲ್ಲಿ ಸೆಕೆಂಡ್ ಗೇರು, ಹಿಂದೆ ಲಾರಿಗಳ ಬೈಗುಳ.
ಧರ್ಮಪುರಿಯಲ್ಲಿ ಟೀ. ಕೃಷ್ಣಗಿರಿಯಲ್ಲಿ ರೇಡಿಯೊ
ತಮಿಳು ಬಿಟ್ಟು ಬರೀ ಕೊರಗುಟ್ಟಿತು,
ಸೂಳಗಿರಿ ದಾಟಿದ ಮೇಲೆ ಯಾರೋ ಕನ್ನಡದಲ್ಲಿ
ಸೈಟಿನ ಜಾಹೀರಾತು ಓದತೊಡಗಿದರು.
ಅತ್ತಿಬೆಲೆ ಬಂತು ಅಂತ ಹೇಳಲು ಬೋರ್ಡು ಬೇಕಿರಲಿಲ್ಲ.

ನೈಸ್ ರೋಡಿನ ದುಡ್ಡು ಉಳಿಸೋಣ ಅಂತ ಸಿಲ್ಕ್ ಬೋರ್ಡಿಗೆ ಬಂದು ಸಿಕ್ಕಿಕೊಂಡೆವು.
ಟಿಎನ್ ಮೂವತ್ತಮೂರು ಕಂಡದ್ದೇ ಕೈ ಅಡ್ಡ ಬಂತು.
ಇಲ್ಲಿ ಟ್ಯಾಕ್ಸ್ ಕಟ್ಟಿದೀಯೇನಮ್ಮ?
ಈಗಿನ್ನೂ ತರ್ತಿದೀನಿ ಸಾರ್, ಮನೆ ಕೂಡ ನೋಡಿಲ್ಲ ಇದು.
ಆತ ಒಳಗೆ ಬಗ್ಗಿ ನೋಡಿದ, ಸೀನಿದ,
ಇನ್ನೊಮ್ಮೆ ಸೀನಿದ,
ಹೋಗು ಹೋಗು ಅಂದ.

ಮರುದಿನವೇ ದುಡಿಮೆಗೆ ಹಚ್ಚಿದ್ದು ತಪ್ಪು.
ಅಪಾರ್ಟ್‌ಮೆಂಟಿನ ಡಾಕ್ಟರಮ್ಮನ ಬಿಳಿ ಕೋಟಿನ ಬೆನ್ನಿಗೆ
ಅಂಗೈಯಗಲ ಅರಿಶಿನ.
ಇಸ್ತ್ರಿಯವಳಿಗೆ ಹೇಳಿಕೊಡಬೇಕೆ: ಸೋಪು ಸೋಕಿಸಬಾರದು,
ಅರಿಶಿನವನ್ನು ಅಳಿಸುವುದು ಬಿಸಿಲೊಂದೇ.
ಮೂರು ದಿನ ತಾರಸಿಯ ಮೇಲೆ ಆ ಕೋಟು
ರಜೆ ಹಾಕಿದ ಡಾಕ್ಟರಂತೆ ತೋಳು ಚಾಚಿ ಮಲಗಿತ್ತು.
ಮೂರು ದಿನವೂ ಡಾಕ್ಟರಮ್ಮ ಫೋನು.

ಭಾನುವಾರ ಗಾಡಿ ತೊಳೆಯಲೇಬೇಕಾಯಿತು.
ಬಕೆಟ್ಟಿನ ತುಂಬ ಸೋಪಿನ ನೊರೆ ಒಳಗೆ ಸುರಿದೆ.
ಗೊತ್ತಿದ್ದದ್ದೇ, ಆದರೂ ಕೈ ನಿಂತಿತು:
ಬಾಗಿಲ ಸಂದಿನಿಂದ ಹೊರಬಂದ ನೀರು ಹಳದಿಯಲ್ಲ, ಕೆಂಪು.
ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು
ಮತ್ತೀಕೆರೆಯ ಐದನೇ ಅಡ್ಡರಸ್ತೆಯ ಇಳಿಜಾರಲ್ಲಿ
ರಂಗೋಲಿ ಬಳಸಿಕೊಂಡು ಮೋರಿಯ ಕಡೆ ಹೋಯಿತು.

ಎದುರುಮನೆ ಗಂಗಹುಚ್ಚಮ್ಮ ಪೊರಕೆ ಹಿಡಿದೇ ಕೇಳಿದರು,
ಏನೇ, ಆರತಿ ನೀರು ಚೆಲ್ಲಿದೀಯ,
ಯಾರು ಬಂದ್ರು ಮನೆಗೆ?

ಒದ್ದೆ ಕೈಯಲ್ಲಿ ಬಾನೆಟ್ಟು ತೋರಿಸಿದೆ.
ಹೆಸರು ಬಾಯಿಗೆ ಬಂದಿತ್ತು,
ಹೇಳಲಿಲ್ಲ; ಅದು ಇನ್ನೊಬ್ಬರು ಕರೆದದ್ದು.